ಸೀಮೆಎಣ್ಣೆಯ ಬಾವಿ

ಮೇಜರ್ ವಾದಿಮ್ ಸವ್ವಿಚ್ ಪ್ರೊಕುದಿನ್ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಹೆಂಡತಿ ಝೋಯಾ ಬಚ್ಚಲಿನ ಬಾಗಿಲು ತಳ್ಳಿಕೊಂಡು ಬಂದು, ಕೈಯಲ್ಲಿದ್ದ ಸ್ಪ್ಯಾನರನ್ನು ಅವನತ್ತ ಚಾಚಿ, "ಮುಖ ತೊಳೆದಾದ ಮೇಲೆ ಈ ಕಮೋಡು ಬಿಚ್ಚಿಕೊಡು. ನನ್ನ ಕೈಗೆ ಬರ್ತಿಲ್ಲ," ಎಂದಳು.

"ಅದನ್ನ ತಗೊಂಡು ಹೋಗಿ ಎಲ್ಲಿಡ್ತೀಯ? ಅಲ್ಲಿ ನಮಗೆ ಡೇರೆ ಕೊಡ್ತಾರಂತೆ."

"ಡೇರೆಯಲ್ಲಿ ಇರೋರೂ ಮನುಷ್ಯರೇ ಅಲ್ವಾ, ವಾದ್ಯಾ? ಪಕ್ಕದ್ಮನೆ ಲ್ಯುದ್ಮಿಲಾ ಕಿಟಕಿ ಚೌಕಟ್ಟನ್ನೇ ಕಿತ್ಕೊಂಡಿದಾಳೆ. ನಾನು ಬರೀ ಕಮೋಡು ಕೇಳಿದ್ರೆ ನಿಂಗೆ ನಾಚಿಕೆ ಆಗುತ್ತೆ."

ನಾಚಿಕೆ ಏನೂ ಆಗಿರಲಿಲ್ಲ. ಆಗಬೇಕಿತ್ತೇನೋ ಎಂದು ಅವನು ಕನ್ನಡಿ ನೋಡಿ ಯೋಚಿಸಿದ. ಸೋವಿಯತ್ ವಾಯುಪಡೆಯ ಅವನ ರೆಜಿಮೆಂಟು ಹಂಗೇರಿ ಬಿಟ್ಟು ಹೊರಡುತ್ತಿತ್ತು. ವಿಮಾನಗಳು ಚಳಿಗಾಲದಲ್ಲೇ ಹಾರಿಹೋಗಿದ್ದವು. ಉಳಿದವರು ಗೋಡೆಯೊಳಗಿನ ತಂತಿ ಎಳೆದುಕೊಂಡು, ನೆಲದ ಹಲಗೆ ಎಬ್ಬಿಸಿಕೊಂಡು, ಸ್ವಿಚ್ಚು ಬಿಚ್ಚಿ ಜೇಬಿಗೆ ಹಾಕಿಕೊಂಡು ಸರಕು ರೈಲು ತುಂಬಿಸುತ್ತಿದ್ದರು. ಒರೆನ್‌ಬುರ್ಗ್ ಕಡೆಯ ಬಯಲಿನಲ್ಲಿ ಇಳಿಸುತ್ತಾರಂತೆ ಎಂಬ ಸುದ್ದಿ ಇತ್ತು. ಸೋವಿಯತ್ ಒಕ್ಕೂಟವೇ ಒಡೆಯುತ್ತಿದ್ದುದರಿಂದ, ಇಳಿಯುವ ಹೊತ್ತಿಗೆ ಆ ಬಯಲು ಯಾವ ದೇಶದ್ದಾಗಿರುತ್ತದೋ ಎಂಬ ನಗೆಮಾತೂ ಇತ್ತು. ಬ್ಲೇಡನ್ನು ಗಲ್ಲದ ಮೇಲೆ ಎಳೆಯುತ್ತ ಅವನು ಮತ್ತೊಮ್ಮೆ ಮೆಲ್ಲಗೆ ಹೇಳಿಕೊಂಡ: ಸೋರಿಕೆ ಇಲ್ಲ. ಈ ಎರಡು ಪದಗಳನ್ನು ಕರ್ನಲ್ ದೆಮೆಂತ್ಯೆವ್ ನಿನ್ನೆ ಅವನ ಹೆಗಲ ಮೇಲೆ ಕೈಯಿಟ್ಟು ಬಾಯಿಪಾಠ ಮಾಡಿಸಿದ್ದ. ಹಂಗೇರಿಯವರ ತಂಡ ಬರುತ್ತದೆ, ಇಂಧನದ ಟ್ಯಾಂಕುಗಳ ಸುತ್ತ ಮಣ್ಣು ಮೂಸುತ್ತದೆ, ಪ್ರಶ್ನೆ ಕೇಳುತ್ತದೆ. ಇಂಧನ ವಿಭಾಗದ ಮುಖ್ಯಸ್ಥನಾದ ನೀನು ಉತ್ತರ ಹೇಳಬೇಕು. ಆ ಉತ್ತರ ಸುಳ್ಳೇನೂ ಅಲ್ಲವೆನ್ನುವುದು ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಿದ್ದ ಪ್ರೊಕುದಿನನಿಗೆ ಬೆಳಗಿನ ಜಾವ ಹೊಳೆದಿತ್ತು. ಸೋರುವುದೆಂದರೆ ತಾನಾಗಿ ಆಗುವುದು. ಇಲ್ಲಿ ತಾನಾಗಿ ಏನೂ ಆಗಿರಲಿಲ್ಲ. ಅವನೇ ನಿಂತು ಸುರಿಸಿದ್ದ.

ಮನೆಯಿಂದ ಟ್ಯಾಂಕುಗಳವರೆಗಿನ ದಾರಿಯಲ್ಲಿ ಯಾವ ಕಟ್ಟಡಕ್ಕೂ ಬಾಗಿಲು ಉಳಿದಿರಲಿಲ್ಲ. ಒಳಗಿದ್ದದ್ದೆಲ್ಲ ಹೊರಗೆ ಕಾಣುತ್ತಿತ್ತು, ಹೆಚ್ಚೇನೂ ಇರಲಿಲ್ಲ. ಈ ದಾರಿಯಲ್ಲಿ ಮೊದಲ ಸಲ ನಡೆದಾಗ ಅವನು ಹೊಸ ಸೀನಿಯರ್ ಲೆಫ್ಟಿನೆಂಟ್, ಬೂಟು ಹೊಸತು, ಪಕ್ಕದಲ್ಲಿ ವರ್ಗವಾಗಿ ಹೋಗಲಿದ್ದ ಕ್ಯಾಪ್ಟನ್ ಇಝೋತೊವ್, ಮೂಗು ಕೆಂಪು. ಡಿಸೆಂಬರಿನ ಕೊನೆ. "ಟ್ಯಾಂಕಿನಲ್ಲಿ ಇನ್ನೂ ಬೇಕಾದಷ್ಟು ಇದೆಯಲ್ಲ, ಕಾಮ್ರೇಡ್ ಕ್ಯಾಪ್ಟನ್," ಎಂದು ಅವನು ಸಂತೋಷದಿಂದಲೇ ಹೇಳಿದ್ದ, ಉಳಿಸಿದ್ದು ಒಳ್ಳೆಯದೆಂದುಕೊಂಡು. ಇಝೋತೊವ್ ಅವನನ್ನು ಬೆಪ್ಪನನ್ನು ನೋಡುವಂತೆ ನೋಡಿದ. "ಅದೇ ಕಣೋ ಕಷ್ಟ. ಉಳಿದಿದೆ ಅಂತ ಗೊತ್ತಾದ್ರೆ ಮುಂದಿನ ವರ್ಷ ಅಷ್ಟು ಕಮ್ಮಿ ಕೊಡ್ತಾರೆ. ಕಮ್ಮಿ ಕೊಟ್ರೆ ಇಷ್ಟು ವರ್ಷ ಜಾಸ್ತಿ ಯಾಕೆ ಕೇಳಿದ್ರಿ ಅಂತಾರೆ. ಆಮೇಲೆ ವಿಮಾನ ಯಾಕೆ ಹಾರಿಲ್ಲ ಅಂತಾರೆ." ವಿಮಾನಗಳು ಹಾರಿರಲಿಲ್ಲ, ಏಕೆಂದರೆ ಅರ್ಧದಷ್ಟಕ್ಕೆ ಬಿಡಿಭಾಗಗಳಿರಲಿಲ್ಲ. ಬಿಡಿಭಾಗಗಳಿಲ್ಲವೆಂದು ಯಾರೂ ಬರೆದಿರಲಿಲ್ಲ, ಏಕೆಂದರೆ ಬಿಡಿಭಾಗಗಳ ಕಾರ್ಖಾನೆ ಗುರಿ ಮೀರಿ ತಯಾರಿಸಿತೆಂದು ಪತ್ರಿಕೆಯಲ್ಲಿ ಬಂದಾಗಿತ್ತು. ಹಾಗಾಗಿ ವಿಮಾನಗಳು ವರದಿಯಲ್ಲಿ ಹಾರುತ್ತಿದ್ದವು. ವರದಿಯಲ್ಲಿ ಹಾರಿದ ವಿಮಾನ ಕುಡಿಯಬೇಕಾದ ಇಂಧನ ಮಾತ್ರ ಟ್ಯಾಂಕಿನಲ್ಲಿ ನಿಜವಾಗಿಯೂ ಇತ್ತು. ಇಝೋತೊವ್ ಬರ್ಚ್ ಮರಗಳ ಹಿಂದೆ ಇಂಧನದ ಕೊಳವೆಯ ಕವಾಟದ ಬಳಿ ಕರೆದುಕೊಂಡು ಹೋಗಿ ಚಕ್ರ ತಿರುಗಿಸಿದ. ಹಿಮದ ಮೇಲೆ ಇಂಧನ ಸದ್ದಿಲ್ಲದೆ ಹರಿಯಿತು, ನೀರಿಗಿಂತ ತೆಳುವಾಗಿ, ಹಿಮ ಅದನ್ನು ನಾಚಿಕೊಂಡಂತೆ ಒಳಗೆಳೆದುಕೊಂಡಿತು. ಆಗ ಅವನಿಗೆ ಅನಿಸಿದ್ದು ಭಯವಲ್ಲ, ತಪ್ಪೆಂಬ ಭಾವನೆಯೂ ಅಲ್ಲ. ದೊಡ್ಡವರ ಒಂದು ಗುಟ್ಟು ಕೊನೆಗೂ ತನಗೆ ತಿಳಿಯಿತಲ್ಲ ಎಂಬ ಹಿಗ್ಗು. ಅಲ್ಲಿಂದಾಚೆ ಪ್ರತಿ ಡಿಸೆಂಬರಿನಲ್ಲೂ ಅವನೇ ತಿರುಗಿಸಿದ. ಒಂದು ವರ್ಷ ಜ್ವರವಿದ್ದರೂ ಹೋಗಿದ್ದ. ಹೊಸ ವರ್ಷದ ಊಟಕ್ಕೆ ಬಂದಾಗ ಬೂಟನ್ನು ಹೊರಗೇ ಬಿಟ್ಟು ಬಾ, ನಾತ, ಎಂದು ಝೋಯಾ ಒಳಗಿನಿಂದಲೇ ಕೂಗುತ್ತಿದ್ದಳು.

ಆ ನಾತ ಅವನಿಗೆ ನಾತವಾಗಿರಲಿಲ್ಲ. ವಿಮಾನಕ್ಕೆ ಹಾಕುವುದೂ ಸೀಮೆಎಣ್ಣೆಯೇ, ಸ್ವಲ್ಪ ಚೆನ್ನಾಗಿ ಸೋಸಿದ್ದು, ಅಷ್ಟೇ. ವೊಲೊಗ್ದಾ ಸೀಮೆಯ ಅವನ ಹಳ್ಳಿಗೆ ಎಣ್ಣೆಯ ಗಾಡಿ ಬರುವ ದಿನ ಅಮ್ಮ ಕತ್ತಲಿರುವಾಗಲೇ ಎದ್ದು ಡಬ್ಬಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು. ಡಬ್ಬಿಯನ್ನು ಸಾಲಿನಲ್ಲಿಟ್ಟು ಹಸುವಿನ ಹಾಲು ಕರೆದು ಬರಬಹುದಿತ್ತು; ಆದರೆ ಡಬ್ಬಿಯನ್ನು ಯಾರಾದರೂ ಹಿಂದಕ್ಕೆ ಸರಿಸಿದರೆ? ಹಾಗಾಗಿ ಹಸುವೇ ಕಾಯುತ್ತಿತ್ತು. ಅವನು ಮೇಜರ್ ಆದ ವರ್ಷ ರಜೆಗೆ ಹೋದಾಗ ಅಮ್ಮ ಸ್ಟೋವಿನ ಬತ್ತಿ ಎತ್ತರಿಸುತ್ತ ಕೇಳಿದ್ದಳು. "ನೀನು ಎಣ್ಣೆಗೇ ದೊಡ್ಡ ಸಾಹೇಬನಂತಲ್ಲೋ. ಬರುವಾಗ ಒಂದು ಕ್ಯಾನು ತರಬಾರದಿತ್ತಾ?" ಅವನು ನಕ್ಕಿದ್ದ. "ಅದು ರಾಜ್ಯದ ಆಸ್ತಿ ಕಣಮ್ಮ. ಒಂದು ಬಾಟಲಿ ಮುಟ್ಟಿದ್ರೂ ಜೈಲು." ಅಮ್ಮ ತಲೆಯಾಡಿಸಿದಳು, ಮಗ ಪ್ರಾಮಾಣಿಕನಾದನೆಂದು ಪಕ್ಕದ ಮನೆಯವಳಿಗೂ ಹೇಳಿದಳು. ನಿಜವೇ. ಅವನು ಒಂದು ಬಾಟಲಿಯನ್ನೂ ಮನೆಗೆ ತಂದವನಲ್ಲ. ಉಳಿದ ಅಧಿಕಾರಿಗಳು ಹಂಗೇರಿಯವರಿಗೆ ಡಬ್ಬಗಟ್ಟಲೆ ಮಾರಿಕೊಂಡು ರೇಡಿಯೋ, ಚರ್ಮದ ಕೋಟು ಕೊಳ್ಳುತ್ತಿದ್ದಾಗ ಅವನು ಅದನ್ನು ನೋಡಿ ಮುಖ ತಿರುಗಿಸುತ್ತಿದ್ದ. ಮಾರಿದ್ದು ಕಳ್ಳತನ, ಸುರಿದದ್ದು ಕೆಲಸ. ಅಮ್ಮ ಸತ್ತ ಚಳಿಗಾಲದಲ್ಲಿ ಆ ಹಳ್ಳಿಗೆ ಎಣ್ಣೆಯ ಗಾಡಿ ಬಂದೇ ಇರಲಿಲ್ಲವೆಂದು ಅಕ್ಕ ಹೇಳಿದ್ದು ಅವನಿಗೆ ಇವತ್ತು ಯಾಕೆ ನೆನಪಾಗಬೇಕು? ಅಮ್ಮ ಸತ್ತದ್ದು ಹೃದಯದ ತೊಂದರೆಯಿಂದ. ಎಣ್ಣೆಗೂ ಹೃದಯಕ್ಕೂ ಸಂಬಂಧವಿಲ್ಲ.

ಟ್ಯಾಂಕುಗಳ ಬಳಿ ತಂಡ ಆಗಲೇ ಬಂದು ನಿಂತಿತ್ತು. ಇಂಜಿನಿಯರ್ ವೆರೆಬೇಯ್, ಬುದಾಪೆಸ್ಟಿನವನು, ಚಿಕ್ಕ ಪ್ರಾಯ, ತೆಳು ಚೌಕಟ್ಟಿನ ಕನ್ನಡಕ. ಮಣ್ಣು ತುಂಬಿಕೊಳ್ಳಲು ಗಾಜಿನ ಶೀಶೆ ಹಿಡಿದ ಇಬ್ಬರು. ಅನುವಾದಕ್ಕೆ ಎತೆಲ್ಕಾ ಟೀಚರ್. ಕೆಳಗಿನ ಶಾರ್‌ಕೂತ್ ಹಳ್ಳಿಯ ಶಾಲೆಯಲ್ಲಿ ರಷ್ಯನ್ ಹೇಳಿಕೊಡುತ್ತಿದ್ದ ಇವಳು ಪ್ರತಿ ನವೆಂಬರಿನ ಸ್ನೇಹಕೂಟದಲ್ಲೂ ರೆಜಿಮೆಂಟಿನ ಭಾಷಣಗಳನ್ನು ಅನುವಾದಿಸುತ್ತಿದ್ದವಳು. ಎಷ್ಟು ಪಳಗಿದ್ದಳೆಂದರೆ ಭಾಷಣಕಾರ ವಾಕ್ಯ ಮುಗಿಸುವ ಮೊದಲೇ ಇವಳು ಮುಗಿಸಿರುತ್ತಿದ್ದಳು. ಒಂದು ಸಲ ಕರ್ನಲ್ ಕೆಮ್ಮಿ ನಿಂತಾಗ ಅವನಿನ್ನೂ ಆಡದ ಮಾತಿಗೆ ಸಭೆ ಚಪ್ಪಾಳೆ ತಟ್ಟಿತ್ತು.

"ನಮಸ್ಕಾರ, ಮೇಜರ್ ಅವರೇ," ಎಂದಳು ಎತೆಲ್ಕಾ.

ಕಾಮ್ರೇಡ್ ಎಂದಿರಲಿಲ್ಲ. ಅವಳು ಬೇಕೆಂದೇ ಬಿಟ್ಟಳೋ, ಬಾಯಿಗೆ ಬರಲಿಲ್ಲವೋ ಎಂದು ಅವನು ಅವಳ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಆ ಪದವಿಲ್ಲದೆ ತನ್ನ ಹುದ್ದೆ ಟೋಪಿ ತೆಗೆದ ಬೋಳು ತಲೆಯಂತೆ ಕಂಡಿತು ಅವನಿಗೆ.

ಇಂಜಿನಿಯರ್ ಬರ್ಚ್ ಮರಗಳ ಹಿಂದೆ ಸಲಿಕೆ ಹಾಕಿಸಿದ. ಮಣ್ಣು ಕಪ್ಪಗೆ, ಜಿಡ್ಡಾಗಿ ಎದ್ದು ಬಂತು. ಬರ್ಚ್ ಮರಗಳು ಸತ್ತು ಎಷ್ಟು ವರ್ಷವಾಯಿತೆಂದು ಪ್ರೊಕುದಿನ್ ಲೆಕ್ಕ ಹಾಕಲು ಹೋಗಿ ಬಿಟ್ಟ. ಇಂಜಿನಿಯರ್ ಮಣ್ಣನ್ನು ಮೂಗಿನ ಹತ್ತಿರ ಹಿಡಿದು ಏನೋ ಕೇಳಿದ.

"ಇದೇನು ಅಂತ ಕೇಳ್ತಿದಾರೆ," ಎಂದಳು ಎತೆಲ್ಕಾ.

"ಸೋರಿಕೆ ಇಲ್ಲ," ಎಂದ ಪ್ರೊಕುದಿನ್.

ಅವಳು ಅನುವಾದಿಸಿದಳು. ಇಂಜಿನಿಯರ್ ಬೆರಳಿಗಂಟಿದ ಮಣ್ಣನ್ನು ಕರವಸ್ತ್ರಕ್ಕೆ ಒರೆಸಿ, ಕರವಸ್ತ್ರವನ್ನು ಮಡಿಚಿ, ಸರಿ, ಹಾಗಾದರೆ ಹಳ್ಳಿಯ ಬಾವಿಗಳನ್ನು ನೋಡೋಣ ಎಂದ.

ಇಳಿಜಾರಿನಲ್ಲಿ ಮೊದಲು ಸಿಗುವ ಮನೆ ಬಾಲಿಂತನದು. ಮುದುಕ, ಒಬ್ಬಂಟಿ, ಊರಿಗೆಲ್ಲ ಬಾಲಿಂತ್ ಮಾಮ. ಇಷ್ಟು ಮಂದಿ ಅಂಗಳಕ್ಕೆ ನುಗ್ಗಿದ್ದು ನೋಡಿ ಅವನು ಬಾವಿಯ ಮುಂದೆ ಬಂದು ನಿಂತ, ಹಸುವನ್ನು ಮರೆಮಾಡಿದವನಂತೆ. ಅಂಗಳದ ಮೂಲೆಯಲ್ಲಿ ಪೀಪಾಯಿಗಳಿದ್ದವು, ಅವಕ್ಕೆ ಕಂಬಳಿ ಹೊದಿಸಿತ್ತು. ವಸಂತದ ಬಿಸಿಲಿದ್ದರೂ ಮನೆಯ ಚಿಮಣಿಯಿಂದ ಹೊಗೆ ಏಳುತ್ತಿತ್ತು. ಪ್ರೊಕುದಿನ್ ಅಂಗಳದ ನಡುವೆ ನಿಂತುಬಿಟ್ಟ. ಅವನ ಅಮ್ಮನ ಅಡುಗೆಮನೆಯ ವಾಸನೆ ಬರುತ್ತಿತ್ತು. ಈ ಮುದುಕನ ಕಣ್ಣನ್ನು ಎದುರಿಸುವುದು ಹೇಗೆಂದು ಅವನು ಇಳಿಜಾರಿನುದ್ದಕ್ಕೂ ಹೆದರಿದ್ದ. ಬೈಯುತ್ತಾನೆ, ಉಗಿಯುತ್ತಾನೆ, ನನ್ನ ನೀರು ಕೊಡು ಎಂದು ಕಾಲರ್ ಹಿಡಿಯುತ್ತಾನೆ. ಮುದುಕ ಮಾತ್ರ ಅವನ ಕಡೆ ನೋಡಲೇ ಇಲ್ಲ.

"ಬಾವಿ ಚೆನ್ನಾಗೇ ಇದೆ," ಎಂದ ಬಾಲಿಂತ್ ಮಾಮ. "ಯಾರು ದೂರು ಕೊಟ್ಟಿದ್ದು? ನಾನಂತೂ ಕೊಟ್ಟಿಲ್ಲ."

"ವಾಸನೆ ಬರ್ತಿದೆಯಲ್ಲ, ಮಾಮ," ಎಂದ ಇಂಜಿನಿಯರ್.

"ನನ್ನ ಟ್ರ್ಯಾಕ್ಟರ್ ವಾಸನೆ ಅದು. ಹಳೇದು."

"ಈ ಬಾವಿ ನೀರನ್ನ ನೀವು ಕುಡೀತೀರಾ?"

"ನಾನು ನೀರು ಕುಡಿಯೋದು ಬಿಟ್ಟು ಬಹಳ ಕಾಲ ಆಯ್ತಪ್ಪ. ವೈನ್ ಕುಡೀತೀನಿ. ಡಾಕ್ಟರೇ ಹೇಳಿದಾರೆ."

ಎತೆಲ್ಕಾ ಇದೆಲ್ಲವನ್ನೂ ತಗ್ಗಿದ ದನಿಯಲ್ಲಿ ಪ್ರೊಕುದಿನನಿಗೆ ರಷ್ಯನ್ನಿನಲ್ಲಿ ಹೇಳುತ್ತಿದ್ದಳು. ಅವನಿಗೆ ನಿಧಾನವಾಗಿ ಅರ್ಥವಾಯಿತು. ನೀರಿನ ಮೇಲೆ ಎಣ್ಣೆ ತೇಲುತ್ತದೆ. ಮುದುಕ ವರ್ಷಗಳಿಂದ ಅದನ್ನು ತೆಗೆದು ಒಲೆ ಉರಿಸುತ್ತಿದ್ದ, ಟ್ರ್ಯಾಕ್ಟರ್ ಓಡಿಸುತ್ತಿದ್ದ, ಬಹುಶಃ ಇಡೀ ಕೇರಿ ಮಾಡುತ್ತಿತ್ತು. ಸೋವಿಯತ್ ಸೈನ್ಯದ ಆಸ್ತಿ ಕದ್ದೆನೆಂದು ಹಿಡಿದುಹಾಕುತ್ತಾರೆಂದು ಹೆದರಿದ್ದ. ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಒಂದೇ ಸುಳ್ಳನ್ನು ಎರಡು ಭಾಷೆಯಲ್ಲಿ ಹೇಳುತ್ತಿದ್ದರು. ನಗು ಬರಬೇಕಿತ್ತು. ಬದಲಿಗೆ ಸಾಲಿನಲ್ಲಿ ಡಬ್ಬಿ ಹಿಡಿದು ನಿಂತ ಅಮ್ಮ ನೆನಪಾದಳು. ಅಷ್ಟರಲ್ಲಿ ಇಂಜಿನಿಯರ್ ತಾನೇ ಕೊಡ ಇಳಿಬಿಟ್ಟು ಸೇದಿ, ಬಾವಿಕಟ್ಟೆಯ ಮೇಲಿದ್ದ ಗಾಜಿನ ಲೋಟಕ್ಕೆ ಬಗ್ಗಿಸಿ, ಅವನ ಮುಂದೆ ಹಿಡಿದಿದ್ದ. ಲೋಟದ ನೀರಿನ ಮೇಲೆ ನೇರಳೆ, ಹಸಿರು ಬಣ್ಣಗಳು ಸುತ್ತುತ್ತಿದ್ದವು.

"ಸೋರಿಕೆ ಇಲ್ಲ ಅಂದ್ರಲ್ಲ, ಮೇಜರ್. ತಗೊಳ್ಳಿ."

ಎತೆಲ್ಕಾ ಅನುವಾದಿಸಲಿಲ್ಲ. ಬೇಕಾಗಿಯೂ ಇರಲಿಲ್ಲ. ಪ್ರೊಕುದಿನ್ ಲೋಟ ತೆಗೆದುಕೊಂಡ. ಕುಡಿದರೆ ಏನಾಗುತ್ತದೆ ಎಂಬುದಕ್ಕಿಂತ ಕುಡಿಯುವುದು ಎಷ್ಟು ಸುಲಭ ಎಂಬುದೇ ಅವನಿಗೆ ಕಂಡಿತು. ಇಡೀ ಜೀವನ ಇದೇ ತಾನೇ ಮಾಡಿದ್ದು. ಕೊಟ್ಟದ್ದನ್ನು ಕುಡಿದು ಚೆನ್ನಾಗಿದೆ ಎಂದದ್ದು. ಅಕಾಡೆಮಿಯಲ್ಲಿ ಕೊಟ್ಟದ್ದು, ಸಭೆಯಲ್ಲಿ ಕೊಟ್ಟದ್ದು, ಇಝೋತೊವ್ ಕೊಟ್ಟದ್ದು. ಲೋಟ ತುಟಿಗೆ ತಾಗಿತು. ಆಗ ಬಾಲಿಂತ್ ಮಾಮ ಮುಂದೆ ಬಂದು ಅವನ ಮಣಿಕಟ್ಟು ಹಿಡಿದ. ಮುದುಕನ ಕೈ ಒರಟಾಗಿತ್ತು, ಬೆಚ್ಚಗಿತ್ತು.

"ಬೇಡ ಕಣಪ್ಪ," ಎಂದ. "ಕರುಳು ಸುಟ್ಟುಹೋಗುತ್ತೆ." ಆಮೇಲೆ ತಾನು ಆಡಿದ್ದೇನೆಂದು ಹೊಳೆದು ಕಂಬಳಿ ಹೊದಿಸಿದ ಪೀಪಾಯಿಗಳ ಕಡೆ ನೋಡಿ ಬಾಯಿ ಮುಚ್ಚಿಕೊಂಡ.

ಪ್ರೊಕುದಿನ್ ಲೋಟವನ್ನು ಕಟ್ಟೆಯ ಮೇಲಿಟ್ಟ. "ಅವರಿಗೆ ಹೇಳಿ, ಟೀಚರ್," ಎಂದ. "ಸೋರಿದ್ದಲ್ಲ. ನಾನು ಸುರಿದೆ."

ಎತೆಲ್ಕಾ ಅವನ ಮುಖ ನೋಡಿದಳು. ಮೊದಲ ಸಲ ಅವಳಿಗೆ ಮುಂದಿನ ಮಾತು ಏನೆಂದು ಗೊತ್ತಿರಲಿಲ್ಲ. "ಇನ್ನೊಂದ್ಸಲ ಹೇಳಿ, ವಾದಿಮ್ ಸವ್ವಿಚ್."

"ನಾನೇ ಸುರಿದೆ. ಪ್ರತಿ ವರ್ಷದ ಕೊನೆಗೆ. ಕವಾಟ ಬಿಚ್ಚಿ. ಕೋಟಾ ಮುಗಿಸಬೇಕಿತ್ತು."

ಅವಳು ಒಂದೊಂದೇ ಪದವನ್ನು ಕೈಯಲ್ಲಿ ತೂಗಿದಂತೆ ಅನುವಾದಿಸಿದಳು. ಇಂಜಿನಿಯರ್ ಕೇಳಿದ, ಮತ್ತೆ ಕೇಳಿದ, ಆಮೇಲೆ ನಕ್ಕುಬಿಟ್ಟ. ಅಪಹಾಸ್ಯದ ನಗುವಲ್ಲ, ಬುದ್ಧಿವಂತ ಹುಡುಗ ಇಸ್ಪೀಟಿನ ಮೋಸ ಹಿಡಿದಾಗ ನಗುವಂಥದ್ದು. "ಯಾವ ಸೈನ್ಯ ತನ್ನ ಇಂಧನಾನ ತಾನೇ ಮಣ್ಣಿಗೆ ಸುರಿಯುತ್ತೆ? ಯಾರನ್ನೋ ಉಳಿಸೋಕೆ ಕತೆ ಕಟ್ತಿದಾರೆ. ಅವರಿಗೆ ಹೇಳಿ, ನಾವು ಮಕ್ಕಳಲ್ಲ. ಕೊಳವೆ ತುಕ್ಕು ಹಿಡಿದಿದೆ, ಅದನ್ನ ಮುಚ್ಚಿಡ್ತಿದಾರೆ."

"ಕೊಳವೆ ಚೆನ್ನಾಗಿದೆ," ಎಂದ ಪ್ರೊಕುದಿನ್. ತನ್ನ ದನಿಯಲ್ಲಿ ಹೆಮ್ಮೆ ಇಣುಕಿದ್ದು ಅವನಿಗೇ ಕೇಳಿಸಿತು. "ಪ್ರತಿ ಬೇಸಿಗೆ ನಾನೇ ನಿಂತು ಬಣ್ಣ ಹೊಡೆಸ್ತಿದ್ದೆ."

"ನೋಡಿದ್ರಾ? ಬಣ್ಣ ಹೊಡೆದು ಮುಚ್ಚಿದಾರೆ," ಎಂದ ಇಂಜಿನಿಯರ್, ಶೀಶೆ ಹಿಡಿದವರ ಕಡೆ ತಿರುಗಿ. ಹಳೆಯ ಕೊಳವೆಗಳಿಂದ ಸೋರಿಕೆ ಎಂದು ಅಲ್ಲೇ ತೀರ್ಮಾನವಾಯಿತು. ಪ್ರೊಕುದಿನ್ ಮತ್ತೂ ಒಂದೆರಡು ಸಲ ಹೇಳಲು ನೋಡಿದ. ಹೇಳಿದಷ್ಟೂ ಅದು ಸುಳ್ಳಿನಂತೆ ಕೇಳಿಸುತ್ತ ಹೋಯಿತು. ಕೊನೆಯ ಸಲ ಹೇಳಿದಾಗ ಅವನಿಗೇ ಅನುಮಾನ ಬಂತು: ನಿಜಕ್ಕೂ ಯಾರಾದರೂ ಹೀಗೆ ಮಾಡುತ್ತಾರೆಯೇ?

ಕಚೇರಿಗೆ ಮರಳಿದಾಗ ಕರ್ನಲ್ ದೆಮೆಂತ್ಯೆವ್ ಖಾಲಿ ಕೋಣೆಯಲ್ಲಿ ಪೆಟ್ಟಿಗೆಯ ಮೇಲೆ ಕೂತು ಸಾಸೇಜು ಕತ್ತರಿಸುತ್ತಿದ್ದ. ಸುದ್ದಿ ಅವನನ್ನು ಮೊದಲೇ ಮುಟ್ಟಿತ್ತು. "ಭೇಷ್, ಪ್ರೊಕುದಿನ್! ಆ ಕೊಳವೆ ಹಾಕಿಸಿದ್ದು ಯಾರು ಗೊತ್ತಾ? ಯುದ್ಧಕ್ಕೆ ಮುಂಚೆ ಅವರದೇ ಸೈನ್ಯ. ಅವರ ಕೊಳವೆ, ಅವರ ತುಕ್ಕು. ಈಗ ನಮ್ಮ ಎಣ್ಣೆ ಹಾಳು ಮಾಡಿದ್ದಕ್ಕೆ ನಾವೇ ಅವರನ್ನ ಕೇಳಬಹುದು." ಒಂದು ತುಂಡು ಸಾಸೇಜನ್ನು ಚಾಕುವಿನ ತುದಿಯಲ್ಲೇ ಚಾಚಿದ. ಪ್ರೊಕುದಿನ್ ತೆಗೆದುಕೊಂಡ. "ನೀನೇ ಸುರಿದೆ ಅಂದ್ಯಂತೆ?"

"ಹೌದು, ಕಾಮ್ರೇಡ್ ಕರ್ನಲ್."

"ಒಳ್ಳೇ ಜೋಕು." ಕರ್ನಲ್ಲನಿಗೆ ಎಲ್ಲ ಗೊತ್ತಿತ್ತು. ಪ್ರತಿ ಜನವರಿಯಲ್ಲೂ ಅದೇ ವರದಿಗೆ ಪ್ರಶಸ್ತಿ ಪಡೆದವನು ಅವನೇ. "ಇನ್ನೊಂದ್ಸಲ ಬೇಡ," ಎಂದು ಸಾಸೇಜಿನ ಕಡೆ ತಿರುಗಿದ. ಅಷ್ಟೇ. ಶಿಕ್ಷೆಯಿಲ್ಲ, ಬೈಗುಳವಿಲ್ಲ. ಜೀವಮಾನದಲ್ಲಿ ಒಮ್ಮೆ ಎದೆ ಒಡೆದು ಹೊರಬಿದ್ದ ಮಾತು ಯಾರ ಕಾಲಿಗೂ ತಾಗದೆ ಉರುಳಿ ಹೋಗಿತ್ತು. ಪ್ರೊಕುದಿನ್ ಸಾಸೇಜು ಅಗಿದ. ಅದರಲ್ಲಿ ಬೆಳ್ಳುಳ್ಳಿ ಜಾಸ್ತಿಯಾಗಿತ್ತು. ಸತ್ಯ ಹೇಳಿದರೆ ಏನೋ ಕುಸಿಯುತ್ತದೆಂದು ಅವನು ಎಳವೆಯಿಂದ ನಂಬಿದ್ದ. ಕುಸಿಯುವುದಕ್ಕೆ ಅಲ್ಲಿ ಏನಾದರೂ ನಿಂತಿರಬೇಕಿತ್ತೆಂದು ಈಗ ತೋರಿತು.

ಮಧ್ಯಾಹ್ನ ಕಳೆದ ಮೇಲೆ ಅವನ ಕಾಲುಗಳು ಮತ್ತೆ ಇಳಿಜಾರಿನ ಕಡೆ ನಡೆದವು. ಹಳ್ಳಿಯ ಬಸ್ಸು ನಿಲ್ಲುವುದು ಬಾಲಿಂತ್ ಮಾಮನ ಬೇಲಿಯ ಹತ್ತಿರವೇ. ಎತೆಲ್ಕಾ ಅಲ್ಲಿ ಕಾಯುತ್ತ ನಿಂತಿದ್ದಳು. ಅವಳ ಮನೆ ಪೇಟೆಯಲ್ಲಿ.

"ಮುಂದಿನ ವರ್ಷದಿಂದ ಜರ್ಮನ್ ಹೇಳಿಕೊಡ್ಬೇಕಂತೆ ನಾನು," ಎಂದಳು, ಅವನು ಕೇಳದಿದ್ದರೂ. "ನಂಗೆ ಬರಲ್ಲ. ಸಂಜೆ ಕಲಿತದ್ದನ್ನ ಬೆಳಿಗ್ಗೆ ಮಕ್ಕಳಿಗೆ ಹೇಳೋದು. ಒಂದೇ ಪಾಠ ಮುಂದೆ ಇರ್ತೀನಿ."

"ನಮ್ಮ ಭಾಷೆ ಚೆನ್ನಾಗಿ ಆಡ್ತೀರಿ ನೀವು."

"ಇನ್ನು ಯಾರ ಹತ್ರ ಆಡ್ಲಿ?"

ಬೇಲಿಯ ಆಚೆಯಿಂದ ಬಾಲಿಂತ್ ಮಾಮ ಇಬ್ಬರನ್ನೂ ಕರೆದ. ಬಾವಿಯ ಬಾಯಿಗೆ ಹಲಗೆ ಹೊಡೆದು ಕೆಂಪು ದಾರ ಕಟ್ಟಿದ್ದರು. ಸಿಮೆಂಟು ಸುರಿದು ಮುಚ್ಚುತ್ತಾರಂತೆ, ಊರಿಗೆ ನಲ್ಲಿ ಹಾಕಿಸುತ್ತಾರಂತೆ. ಮುದುಕ ಬಾವಿಕಟ್ಟೆಯ ಮೇಲೆ ಏಪ್ರಿಕಾಟಿನ ಸಾರಾಯಿಯ ಶೀಶೆ ಇಟ್ಟು ಪುಟ್ಟ ಲೋಟಗಳಿಗೆ ಬಗ್ಗಿಸಿದ. ಕೋಪವಿದ್ದಂತೆ ಕಾಣಲಿಲ್ಲ. ಮುಂದಿನ ಚಳಿಗಾಲದ ಸೌದೆಯ ಯೋಚನೆ ಹಣೆಯ ಮೇಲಿತ್ತು.

"ನೀವು ಬೆಳಿಗ್ಗೆ ಹೇಳಿದ್ದು ನಾನು ನಂಬ್ತೀನಿ, ಮೇಜರ್ ಸಾಹೇಬ್ರೇ," ಎಂದ. ಎತೆಲ್ಕಾ ಅನುವಾದಿಸುತ್ತ ಹೋದಳು. "ಹೊಸ ವರ್ಷ ಬಂತು ಅಂದ್ರೆ ಬಾವೀಲಿ ಎಣ್ಣೆ ಏರ್ತಿತ್ತು. ನಾವು ಪೀಪಾಯಿ ತೊಳೆದು ಕಾಯ್ತಿದ್ವಿ. ತುಕ್ಕು ಹಿಡಿದ ಕೊಳವೆಗೆ ಕ್ಯಾಲೆಂಡರ್ ಗೊತ್ತಿರುತ್ತಾ? ಆ ಕನ್ನಡಕದ ಹುಡುಗನಿಗೆ ಇದನ್ನ ಹೇಳೋಕೆ ಹೋದ್ರೆ ಪೀಪಾಯಿ ವಿಷಯಾನೂ ಹೇಳ್ಬೇಕಿತ್ತು. ಸುಮ್ಮನಿದ್ದೆ."

ಪ್ರೊಕುದಿನ್ ಸಾರಾಯಿ ಕುಡಿದ. ಗಂಟಲಿನಿಂದ ಕೆಳಗೆ ಬಿಸಿ ಇಳಿಯಿತು. ನಂಬುವವನೊಬ್ಬ ಸಿಕ್ಕನೆಂದು ಎದೆ ಹಗುರಾಗಬೇಕಿತ್ತು; ಆಗಲಿಲ್ಲ. ಕೆನ್ನೆ ಮಾತ್ರ ಬಿಸಿಯಾಯಿತು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದ ಮುದುಕ. "ರೇಡಿಯೋದಲ್ಲಿ ನಿಮ್ಮ ದೇಶ ಯಾಕೆ ಹೀಗೆ ಕಳಚಿಕೊಳ್ತಿದೆ ಅಂತ ದಿನಾ ಒಬ್ಬ ಪಂಡಿತ ಬಂದು ಒಂದೊಂದು ಹೇಳ್ತಾನೆ. ಅಮೆರಿಕಾದವ್ರು ಅಂತಾನೆ ಒಬ್ಬ, ಪೋಪು ಅಂತಾನೆ ಇನ್ನೊಬ್ಬ. ಅದೆಲ್ಲ ನನ್ನ ತಲೆಗೆ ಹೋಗಲ್ಲ. ಈ ಎಣ್ಣೆ ವಿಷಯ ಮಾತ್ರ ಹೇಳಿ. ಯಾಕೆ ಸುರಿದ್ರಿ?"

"ಸುರಿಯದೇ ಇದ್ದಿದ್ರೆ ಮುಂದಿನ ವರ್ಷ ಕಮ್ಮಿ ಕೊಡ್ತಿದ್ರು."

"ನಿಮಗೆ ಬೇಕಾಗಿದ್ದೇ ಕಮ್ಮಿ ಅಲ್ವಾ?"

"ಹೌದು."

"ಮತ್ತೆ ಕಮ್ಮಿನೇ ತಗೊಂಡಿದ್ರೆ ಏನಾಗ್ತಿತ್ತು?"

ಪ್ರೊಕುದಿನ್ ಬಾಯಿ ತೆರೆದ. ಉತ್ತರ ಅಲ್ಲೇ ಎಲ್ಲೋ ಇದ್ದಂತಿತ್ತು. ಇಷ್ಟು ವರ್ಷ ಅದರ ಮೇಲೆಯೇ ನಿಂತು ಚಕ್ರ ತಿರುಗಿಸಿದ್ದ. ಇಝೋತೊವನ ಕೆಂಪು ಮೂಗು ಕಣ್ಣ ಮುಂದೆ ಬಂತು, ಕರ್ನಲ್ಲನ ಚಾಕುವಿನ ತುದಿ, ಅವನಿಗಿಂತ ಮೇಲೆ ಜನರಲ್, ಜನರಲ್ಲನ ಮೇಲೆ ಮಾಸ್ಕೋದ ಯಾವುದೋ ಕೋಣೆಯಲ್ಲಿ ತಾನು ಎಂದೂ ಕಾಣದ ಗುಮಾಸ್ತ. ಅವರೆಲ್ಲರೂ ಒಬ್ಬರ ಬೆನ್ನಿಗೊಬ್ಬರು ನಿಂತು, ಮುಂದಿನವನು ತಿರುಗಿ ಏನು ಹೇಳುತ್ತಾನೋ ಎಂದು ಕಾಯುತ್ತಿದ್ದರು. ಯಾರೂ ತಿರುಗುತ್ತಿರಲಿಲ್ಲ. ವರದಿ ತಪ್ಪುತ್ತಿತ್ತು ಎನ್ನಲು ಹೋದ, ಬಹುಮಾನ ಹೋಗುತ್ತಿತ್ತು ಎನ್ನಲು ಹೋದ, ಬಡ್ತಿ ಸಿಗುತ್ತಿರಲಿಲ್ಲ ಎನ್ನಲು ಹೋದ, ಅಷ್ಟೇ. ಎತೆಲ್ಕಾ ಅನುವಾದಿಸಲು ಕಾಯುತ್ತಿದ್ದಳು. ದೂರದಲ್ಲಿ ಬಸ್ಸು ಗೇರ್ ಬದಲಿಸಿ ಏರು ಹತ್ತುವ ಸದ್ದು ಕೇಳಿಸಿತು.

"ಗೊತ್ತಿಲ್ಲ," ಎಂದ ಅವನು ಕೊನೆಗೆ. "ಯಾರೂ ತಗೊಂಡು ನೋಡಿಲ್ಲ."

ಎತೆಲ್ಕಾ ಹೇಳಿದಳು. ಬಾಲಿಂತ್ ಮಾಮ ಕೇಳಿಸಿಕೊಂಡು, ಲೋಟವನ್ನು ಕಟ್ಟೆಯ ಮೇಲೆ ಬೋರಲು ಹಾಕಿ, ಒಂದೇ ಒಂದು ಮಾತು ಆಡಿದ. ಎತೆಲ್ಕಾ ಕೈಚೀಲ ಎತ್ತಿಕೊಂಡಳು.

"ಏನಂದ್ರು?"

"ಏನಿಲ್ಲ. 'ಪಾಪ' ಅಂದ್ರು."

"ಯಾರಿಗೆ?"

ಬಸ್ಸು ಬಂದು ನಿಂತಿತ್ತು. ಎತೆಲ್ಕಾ ಮುದುಕನನ್ನು ಕೇಳಲೆಂದು ತಿರುಗಿದಳು. ಅವನು ಆಗಲೇ ಕಂಬಳಿ ಸರಿಸಿ, ಪೀಪಾಯಿಗಳನ್ನು ಒಂದೊಂದಾಗಿ ಕುಲುಕಿ, ಎಷ್ಟು ಉಳಿದಿದೆಯೆಂದು ಕಿವಿಗೊಟ್ಟು ಕೇಳುತ್ತಿದ್ದ.